ಅವನು ಮಲಗದ ಮೇಜು

"ಬೇಡ... ಮುಟ್ಟಬೇಡ!"

ಇಡೀ ತರಗತಿ ತಿರುಗಿ ನೋಡಿತು. ಕೊರಿನ್‌ಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಅಮೆರಿಕದ ಕೆಂಟಕಿಯ ಆ ಪುಟ್ಟ ಊರಲ್ಲಿ ಆಸ್ಟಿಯೋಪಥಿ ವೈದ್ಯಕೀಯ ಕಾಲೇಜು ಶುರುವಾಗಿ ಇನ್ನೂ ವಾರವಾಗಿರಲಿಲ್ಲ. ಮುಚ್ಚಿಹೋಗಿದ್ದ ಮಾಲ್‌ಗೇ ಹೊಸ ಬಣ್ಣ ಬಳಿದು ಕಾಲೇಜು ಮಾಡಿದ್ದರು. ಹಿಂದೆ ಕೊರಿನ್‌ಳ ಅಮ್ಮ ಶೂ ಮಾರುತ್ತಿದ್ದ ಅಂಗಡಿಯೇ ಈಗ ಈ ತರಗತಿ. ಬರೀ ಕೈಯಿಂದ ಮೂಳೆ, ಸ್ನಾಯುಗಳನ್ನು ಅರಿಯುವ ಪಾಠ. ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ರೋಗಿಗಳು! ಜೋಡಿಯಲ್ಲಿ ಒಬ್ಬರು ಮೇಜಿನ ಮೇಲೆ ಮಲಗಬೇಕು, ಇನ್ನೊಬ್ಬರು ಮುಟ್ಟಿ ನೋಡಬೇಕು.

"ನಿನ್ನೆ ನಾನು ಮಲಗಲಿಲ್ವಾ? ನಿನ್ನ ಸರದಿ ಬಂದ ಕೂಡಲೇ ಏನು ರೋಗ ಮಹಾರಾಯ?" ಎಂದಳು ಕೊರಿನ್.

ಅವಳ ಜೋಡಿ ವೇಲನ್ ಮೇಜಿನಿಂದ ಹಿಂದೆ ಸರಿದ. ಸೀದಾ ಪಾಠ ಹೇಳುವ ಡಾಕ್ಟರ್ ಪ್ರೇದರ್ ಬಳಿ ಹೋದ. "ನನಗೆ ಬೇರೆ ಜೋಡಿ ಕೊಡಿ, ಡಾಕ್ಟರ್."

ಕೊರಿನ್‌ಗೆ ಕಣ್ಣು ತುಂಬಿ ಬಂತು. ಶೂ ಮಾರುವವಳ ಮಗಳ ಕೈ ಅಂತಲಾ? ಆದರೆ ನಿನ್ನೆ ಅಷ್ಟು ಜೋಪಾನವಾಗಿ ನನ್ನ ಬೆನ್ನು ಮುಟ್ಟಿದವನು...

"ಜೋಡಿ ಬದಲಾಗಲ್ಲ ಕಣಪ್ಪ," ಎಂದರು ಮುದುಕಿ ಡಾಕ್ಟರ್. "ಮಲಗದವರಿಗೆ ಪಾಸೂ ಇಲ್ಲ."

ವೇಲನ್ ತಲೆ ತಗ್ಗಿಸಿ ಬಂದು ಮಲಗಿದ.

ಕೊರಿನ್ ಕಣ್ಣು ಮುಚ್ಚಿ, ಅವನ ಕುತ್ತಿಗೆಯ ಕೆಳಗೆ ಬೆರಳು ತೂರಿಸಿದಳು. ಬಿಗಿತವೇನೂ ಇಲ್ಲ. ಆದರೆ ನಾಡಿ! ಓಡಿ ಬಂದವನ ಹಾಗೆ ಬಡಿದುಕೊಳ್ಳುತ್ತಿದೆ!

"ಇದಕ್ಕೇ ಬೇಡ ಅಂದಿದ್ದು..." ಅವನು ಪಿಸುಗುಟ್ಟಿದ. "ನಿನ್ನ ಕೈಗೆ ಗೊತ್ತಾಗಿಬಿಡುತ್ತೆ ಅಂತ."

"ಏನು ಗೊತ್ತಾಗೋದು?"

"ಶಾಲೆಯಲ್ಲಿ ಓದ್ತಿದ್ದಾಗ ಇಲ್ಲಿನ ಶೂ ಅಂಗಡಿಗೆ ಬರ್ತಿದ್ದೆ. ನೀನು ಕೌಂಟರ್ ಹಿಂದೆ ಕೂತು ಓದ್ತಿದ್ದೆ. ನಿನ್ನನ್ನ ನೋಡೋಕೆ ಅಂತ್ಲೇ ಶೂ ಹಾಕಿ ಹಾಕಿ ನೋಡ್ತಿದ್ದೆ."

ಅವಳು ಥಟ್ಟನೆ ಕಣ್ಣು ತೆರೆದಳು. "ಅಯ್ಯೋ! ಅಂಗಡಿಯ ಶೂಗಳನ್ನೆಲ್ಲ ಕೆಳಗಿಳಿಸಿ, ಒಂದೂ ಕೊಳ್ಳದೆ ಹೋಗ್ತಿದ್ದವನು ನೀನೇನಾ? ಅಮ್ಮ ಎಷ್ಟು ಬೈಕೋತಿದ್ಲು ಗೊತ್ತಾ!"

"ಏನು ಸಿಕ್ಕಿತು, ಕೊರಿನ್?" ಡಾಕ್ಟರ್ ಪ್ರೇದರ್ ಪಕ್ಕದಲ್ಲೇ ಬಂದು ನಿಂತಿದ್ದರು.

"ನಾಡಿ... ತುಂಬಾ ಜೋರಾಗಿದೆ, ಡಾಕ್ಟರ್."

"ಹಾಗಾದ್ರೆ ಕೈ ತೆಗೀಬೇಡಮ್ಮ. ತಾನಾಗೇ ಸಮಾಧಾನ ಆಗೋವರೆಗೂ ಕಾಯಿ." ಅವರು ನಗು ನುಂಗಿಕೊಂಡು ಮುಂದಿನ ಮೇಜಿಗೆ ಹೋದರು.

ಕೊರಿನ್ ಕೈ ತೆಗೆಯಲಿಲ್ಲ. ಈಗ ಅವಳ ಬೆರಳ ತುದಿಯಲ್ಲೂ ಅದೇ ಓಟ... ಯಾವುದು ಯಾರ ನಾಡಿಯೋ!

"ಈ ಸಲವೂ ಸುಮ್ನೆ ನೋಡಿ, ಎದ್ದು ಹೋಗ್ತೀಯಾ?"

"ಇಲ್ಲ... ಈ ಸಲ ಬರಿಗೈಲಿ ಹೋಗಲ್ಲ."