ಗುಂಡಿ ಡಬ್ಬಿ

"ಸುಳ್ಳು ಹೇಳಬೇಡಿ ಅತ್ತೆ. ಈ ಡಬ್ಬಿಗೆ ನಿಮ್ಮ ಕೈ ಬಿಟ್ಟು ಇನ್ಯಾರ ಕೈ ಹೋಗುತ್ತೆ?"

ಅಮ್ಮ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅಂಗಿ ಗುಂಡಿಗಳ ಜೊತೆ ಬನ್ನಿನ ಚೂರುಗಳೂ ಉದುರಿದವು.

ಮಗಳು ಕಡ್ಡಿ ಬಾಗಿಲಿಗೆ ಒತ್ತಿಕೊಂಡು ನಿಂತಳು. ತೆಳ್ಳಗಿದ್ದಾಳೆಂದು ಅಪ್ಪ ಅವಳಿಗೆ ಇಟ್ಟ ಹೆಸರು ಅದು.

ಅಪ್ಪ ಟೈಲರ್. ಅವನು ಹೊಲಿದ ಅಂಗಿಗಳಿಗೆ ಗುಂಡಿ ಹಾಕುವವಳು ಅಜ್ಜಿ. ತನ್ನ ಸೊಂಟಕ್ಕೆ ಒಂದು ಟೇಪು ಸಾಲದೆ ಅಪ್ಪ ಎರಡನ್ನು ಜೋಡಿಸಿದ್ದ. "ನಾನು ಡಬಲ್ ಟೇಪ್ ಗಿರಾಕಿ" ಎಂದು ತಾನೇ ನಗುತ್ತಿದ್ದ. ಆದರೆ ನಿದ್ದೆಯಲ್ಲಿ ಅವನಿಗೆ ಉಸಿರು ಕಟ್ಟುತ್ತಿತ್ತು. ಇಬ್ಬರು ಹಿಡಿದುಕೊಳ್ಳದೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ.

ಜಠರವನ್ನು ಚಿಕ್ಕದು ಮಾಡುವ ಆಪರೇಷನ್ ಮಾಡೋಣ ಎಂದಿದ್ದರು ಡಾಕ್ಟರು. ಅದಕ್ಕೆ ಮೊದಲು ಎರಡು ವಾರ ಸೂಪು, ಹಾಲು ಬಿಟ್ಟು ಏನೂ ಕೂಡದು. ಆಗ ಕೊಬ್ಬು ತುಂಬಿ ಊದಿದ ಲಿವರ್ ಕುಗ್ಗುತ್ತದೆ, ಅದರ ಕೆಳಗಿರುವ ಜಠರ ಕೈಗೆ ಸಿಗುತ್ತದೆ.

ಇವತ್ತು ಬೆಳಿಗ್ಗೆ ಸ್ಕ್ಯಾನ್ ನೋಡಿ ಅವರು ತಲೆ ಅಲ್ಲಾಡಿಸಿದ್ದರು. "ಏನೂ ಕುಗ್ಗಿಲ್ಲ. ಈಗ ಕೈ ಹಾಕಿದರೆ ಅಪಾಯ. ಮುಂದಕ್ಕೆ ಹಾಕೋಣ."

"ನಾನೇ ತಿಂದೆ, ಬಿಡೇ" ಎಂದ ಅಪ್ಪ, ತಲೆ ಎತ್ತದೆ.

"ತಿಂದಿದ್ದು ನೀವು. ತಂದಿದ್ದು ಯಾರು? ಬನ್ನಿಗೇನು ಕಾಲು ಬಂದು ಮೂರು ಮಹಡಿ ಹತ್ತಿತಾ?" ಅಮ್ಮ ಅಜ್ಜಿಯ ಕಡೆ ತಿರುಗಿದಳು. "ಆಪರೇಷನ್ ಬೇಡ ಅಂತ ಮೊದಲಿಂದ ಅಡ್ಡಗಾಲು ಹಾಕಿದ್ದು ನೀವೇ ಅತ್ತೆ. ಇವರ ಉಸಿರು ನಿಂತರೆ ಎಬ್ಬಿಸೋಳು ನಾನು. ನಿಮಗೆ ಮಗ ಬೇಕಾ, ಬೇಡವಾ?"

ಕಡ್ಡಿ ಜೇಬು ತಡವಿಕೊಂಡಳು. ಸೂಪಿನ ಲೋಟ ಹಿಡಿದು ಅಪ್ಪ ಮಗಳ ಟಿಫಿನ್ ಡಬ್ಬಿಯನ್ನೇ ನೋಡುತ್ತಿದ್ದುದನ್ನು ಅವಳಿಂದ ಸಹಿಸಲು ಆಗಿರಲಿಲ್ಲ. ಸ್ಕೂಲಿನಲ್ಲಿ ತನ್ನ ಬನ್ನು, ಗೆಳತಿಯರು ಬಿಟ್ಟ ಬನ್ನು, ಎಲ್ಲ ಜೇಬಿಗೆ ತುರುಕಿಕೊಂಡು ಬಂದು ಅಪ್ಪನಿಗೆಂದು ಗುಂಡಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದಳು.

ಅಜ್ಜಿ ಮೇಜಿನ ಮೇಲಿನ ಚೂರುಗಳನ್ನು ನೋಡಿದಳು. ಆಮೇಲೆ ಚೂರು ಅಂಟಿದ್ದ ಕಡ್ಡಿಯ ಯೂನಿಫಾರ್ಮ್ ಜೇಬನ್ನು ನೋಡಿದಳು.

"ಹೂಂ ಕಣಮ್ಮ, ನಾನೇ ಕೊಟ್ಟೆ" ಎಂದಳು. "ಹೆತ್ತ ಕರುಳು, ಕೇಳಲಿಲ್ಲ."

"ಅಮ್ಮಾ..." ಎಂದ ಅಪ್ಪ.

"ನೀನು ಸುಮ್ಮನೆ ಸೂಪು ಕುಡಿ."

ಅಜ್ಜಿ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿದಳು. "ಮಗಳ ಮನೇಲಿರ್ತೀನಿ. ನಾನಿಲ್ಲದಿದ್ದರೆ ಇವನ ತೂಕ ಇಳಿಯುತ್ತೆ." ಬಾಗಿಲು ದಾಟುವಾಗ ಕಡ್ಡಿಯ ಜೇಬಿಗೆ ಅಂಟಿದ್ದ ಚೂರನ್ನು ಬೆರಳಿಂದ ಕೊಡವಿದಳು. "ಇನ್ನು ಬೇಡ ಕಣೆ" ಎಂದು ಮೆಲ್ಲಗೆ ಹೇಳಿ ಇಳಿದುಹೋದಳು.

ಸಂಜೆ ಕಡ್ಡಿ ಅಮ್ಮನಿಗೆ ಎಲ್ಲ ಹೇಳಿ ಅತ್ತಳು. ಅಮ್ಮ ಬಯ್ಯಲಿಲ್ಲ. ಅಜ್ಜಿಗೆ ಫೋನ್ ಮಾಡಿ ಅದನ್ನೇ ಹೇಳಿದಳು.

"ಕೊಟ್ಟಿದ್ದು ನಾನೇ" ಎಂದಳು ಅಜ್ಜಿ ಅಲ್ಲಿಂದ. "ಮಗೂನ ಯಾಕೆ ಎಳೀತೀಯ?" ಫೋನ್ ಇಟ್ಟಳು.

ಅಜ್ಜಿ ಮತ್ತೆ ಬರಲಿಲ್ಲ. ಗುಂಡಿಯಿಲ್ಲದ ಅಂಗಿಗಳು ಗುಡ್ಡೆಯಾದವು. ಕಡ್ಡಿ ತನ್ನ ಬನ್ನನ್ನು ಸ್ಕೂಲಿನಲ್ಲೇ ತಿಂದು ಮುಗಿಸಿ, ಜೇಬು ಕೊಡವಿ ಮನೆಗೆ ಬರುತ್ತಿದ್ದಳು. ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಕೂತು, ಸೂಜಿಗೆ ದಾರ ಪೋಣಿಸುತ್ತಿದ್ದಳು.