ಎರಡೆರಡು ಗೆರೆ

“ಏಯ್ ಚೋಟು, ಮುಟ್ಬೇಡ! ಅದು ನನ್ನ ಕೆಲಸ!” ಅಕ್ಕ ತಂಗಿಯ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು.

ಅಮ್ಮ ಟೈಲರ್. ಹಿಂದೊಮ್ಮೆ ಮನಸ್ಸು ತೀರಾ ಕುಗ್ಗಿ ಹಾಸಿಗೆ ಹಿಡಿದಾಗಿನಿಂದ ಒಂದು ಹಳೇ ಕಾಲದ ಮಾತ್ರೆ ನುಂಗುತ್ತಿದ್ದಳು. ಈಗ ಹುಷಾರಾಗಿದ್ದಾಳೆ. ಆದರೆ ಡಾಕ್ಟರಮ್ಮ, “ಒಂದೇ ಸಲ ಬಿಡೋ ಹಾಗಿಲ್ಲ, ಸ್ವಲ್ಪ ಸ್ವಲ್ಪವೇ ಇಳಿಸ್ಬೇಕು” ಎಂದಿದ್ದರು. ಅದಕ್ಕೇ ಅಳತೆ ಪುಸ್ತಕದಲ್ಲಿ ಒಂದು ಪಟ್ಟಿ. ಎರಡು ವಾರಕ್ಕೊಂದು ಸಾಲು, ದಿನಕ್ಕೊಂದು ಚೌಕ. ಸಾಲು ಮುಗಿದರೆ ಮಾತ್ರೆ ಇನ್ನಷ್ಟು ಕಡಿಮೆ.

ಊಟವಾದ ಮೇಲೆ ಅಮ್ಮ ಮಾತ್ರೆ ನುಂಗುವುದು, ಅಕ್ಕ ಚೌಕದಲ್ಲಿ ಗೆರೆ ಎಳೆಯುವುದು, ಅಮ್ಮ ಅವಳ ತಲೆ ಸವರಿ “ನನ್ನ ಜಾಣೆ” ಅನ್ನುವುದು. ನೋಡಿ ನೋಡಿ ಚೋಟುಗೆ ಹೊಟ್ಟೆಯುರಿ. ಗೆರೆ ಎಳೆಯೋದೂ ಒಂದು ಜಾಣತನವಾ?

ಹೊಸ ಸಾಲು ಶುರುವಾದ ದಿನವೇ ಅಕ್ಕ ಹತ್ತು ದಿನದ ಕ್ಯಾಂಪಿಗೆ ಹೊರಟಳು. ಪೆನ್ಸಿಲ್ ಚೋಟು ಕೈಗೆ ಬಂತು! ‘ಅಕ್ಕ ದಿನಕ್ಕೆ ಒಂದು ಗೆರೆ ಹಾಕ್ತಾಳೆ ತಾನೇ? ನಾನು ಎರಡು ಚೌಕಕ್ಕೆ ಹಾಕ್ತೀನಿ. ಬೇಗ ಮುಗಿಸಿ ತೋರಿಸ್ತೀನಿ!’

ಯೂನಿಫಾರಂ ರಾಶಿಯಲ್ಲಿ ಮುಳುಗಿದ್ದ ಅಮ್ಮ ದಿನ ಎಣಿಸಲಿಲ್ಲ. ಏಳನೇ ದಿನ ಪುಸ್ತಕ ನೋಡಿ, “ಅರೆ, ಈ ಸಾಲು ಆಗ್ಲೇ ಮುಗೀತಾ!” ಎಂದು ಮರುದಿನದಿಂದ ಮಾತ್ರೆ ಇಳಿಸಿಬಿಟ್ಟಳು.

ಎರಡೇ ದಿನ. ಅಮ್ಮನಿಗೆ ವಾಕರಿಕೆ, ತಲೆನೋವು, ನಿದ್ದೆಯಿಲ್ಲ. ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

“ರೀ, ಮತ್ತೆ ಆ ಕಾಯಿಲೆನೇ ಶುರುವಾಯ್ತು,” ಎಂದು ಅಪ್ಪನ ಮುಂದೆ ಅತ್ತಳು. “ಬಿಡೋದು ನನ್ನ ಹಣೇಲಿ ಬರೆದಿಲ್ಲ. ಇನ್ನು ಜೀವನ ಪೂರ್ತಿ ನುಂಗೋದೇ.”

ಚೋಟು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಮ್ಮ ಅಳುತ್ತಿದ್ದಳಲ್ಲ.

“ಅಮ್ಮಾ... ನಾನು ದಿನಾ ಎರಡೆರಡು ಗೆರೆ ಹಾಕ್ದೆ. ಅಕ್ಕನ್ನ ಸೋಲಿಸೋಕೆ.”

ಅಪ್ಪ ಗದರಲು ಬಾಯಿ ತೆರೆದ. ಅಮ್ಮ ಮಾತ್ರ ತಟ್ಟನೆ ಎದ್ದು ಕೂತಳು. “ಹಾಗಾದ್ರೆ ಕಾಯಿಲೆ ವಾಪಸ್ ಬಂದಿಲ್ವೇನೋ!”

ಡಾಕ್ಟರಮ್ಮನಿಗೆ ಫೋನ್ ಹೋಯಿತು. “ಅವಸರದಲ್ಲಿ ಇಳಿಸಿದ್ದಕ್ಕೇ ಹೀಗಾಗಿದೆ. ಮೊದಲಿನಷ್ಟೇ ತಗೊಳ್ಳಿ, ನಾಳೆ ಬಂದು ತೋರಿಸಿ,” ಎಂದರು.

ಅಮ್ಮ ಬೈಯಲಿಲ್ಲ. ಚೋಟುಗೆ ಅವಳದೇ ಗಿಡ್ಡವಾಗಿದ್ದ ಫ್ರಾಕ್ ಕೊಟ್ಟು, “ಅಂಚು ಬಿಚ್ಚು” ಎಂದಳು. ಚೋಟು ದಾರ ಹಿಡಿದು ಜಗ್ಗಿದಳು. ಬಟ್ಟೆ ಪರ್ರೆಂದಿತು.

“ಒಂದೊಂದೇ ಹೊಲಿಗೆ, ಕಂದಾ.”

ಅಕ್ಕ ಕ್ಯಾಂಪಿನಿಂದ ಬಂದವಳೇ ಪುಸ್ತಕ ತೆರೆದಳು. “ಇದೇನೇ, ಇಷ್ಟೊಂದು ರಬ್ಬರ್ ಉಜ್ಜಿದೀಯ?”

ಚೋಟು ಪೆನ್ಸಿಲ್ ತಗೊಂಡಳು. ಅಮ್ಮ ಮಾತ್ರೆ ನುಂಗುವವರೆಗೂ ಕಾದು, ಒಂದೇ ಒಂದು ಗೆರೆ ಎಳೆದಳು. ಪಕ್ಕದ ಚೌಕವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪೆನ್ಸಿಲ್ ಅಕ್ಕನ ಕೈಗಿಟ್ಟಳು.

“ನಾಳೇದು ನಿಂದು.”