ಎಡಕ್ಕೆ ಹೊರಳಿದ ಗಂಟು

ಹೋದ ಫೆಬ್ರುವರಿಯಲ್ಲಿ ನಾನೂ ನನ್ನ ಗಂಡ ಅಸ್ಲಂ ಅವರೂ ನವಲಗುಂದದಿಂದ ಅಂಡಮಾನಿಗೆ ಹೋಗಿದ್ದೆವು. ಮನೆಯಲ್ಲಿ ಮಗ್ಗದ ಮೇಲೆ ಜಮಖಾನ ಅರ್ಧಕ್ಕೇ ನಿಂತಿತ್ತು. ನೀಲಿ ನೂಲು ತೀರಿದ್ದರಿಂದ ಅದರಲ್ಲಿನ ನವಿಲಿನ ಚಿತ್ರದ ಕೊರಳಿಗೆ ಬೆರಳಗಲ ಹಸಿರು ನೇಯ್ದು ಬಿಟ್ಟಿದ್ದೆ.

ಅಲ್ಲಿ ನಾವು ಇಳಿದುಕೊಂಡ, ಕೊಲ್ಲಿಯ ದಂಡೆಯ ಊರು ಬಹಳ ಚೆಂದ. ಮಧ್ಯಾಹ್ನ ಲಾಡ್ಜಿನ ಕೋಣೆಗೆ ಬಂದೆವು. ಹೊರಗೆ ಸುಡುವ ಬಿಸಿಲು, ಆದರೆ ನೆಲಕ್ಕೆ ಹಾಸಿದ್ದ ಜಮಖಾನ ಕಾಲು ಕೊರೆಯುವಷ್ಟು ತಣ್ಣಗಿತ್ತು. ಬಗ್ಗಿ ನೋಡಿದೆ. ನವಿಲಿನ ಕೊರಳಲ್ಲಿ ಅದೇ ಹಸಿರು ಪಟ್ಟಿ.

“ಇದು ನಂದೈತ್ರಿ,” ಎಂದೆ.

“ಹುಚ್ಚೇನ ನಿನಗ? ನಿಂದು ಮಗ್ಗದ ಮ್ಯಾಲ ಐತಿ,” ಎಂದು ಅಸ್ಲಂ ನಕ್ಕರು.

ಜಮಖಾನ ತಿರುವಿ ಹಾಕಿದೆ. ಹಸಿರು ಪಟ್ಟಿಯವರೆಗೆ ಗಂಟುಗಳು ನನ್ನವು, ಬಲಕ್ಕೆ ಹೊರಳಿದ್ದವು. ಅಲ್ಲಿಂದಾಚೆ ಎಲ್ಲವೂ ಎಡಕ್ಕೆ. ಹಾಗೆ ಕಟ್ಟುವವಳು ಎಡಗೈ ಬಳಸುವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ನಿಲೋಫರ್ ಒಬ್ಬಳೇ. ನಮ್ಮ ಮನೆಯಲ್ಲಿ ಒಬ್ಬಳು ಹಿಡಿದ ಜಮಖಾನವನ್ನು ಶುರು ಮಾಡಿದವಳು ಬದುಕಿರುವವರೆಗೆ ಇನ್ನೊಬ್ಬಳು ನೇಯುವುದಿಲ್ಲ.

ಮರಳಿ ಬಂದಾಗ ಮಗ್ಗದ ಮೇಲಿನದು ಬಿಟ್ಟಷ್ಟೇ ಇತ್ತು. ಮುಟ್ಟಿದರೆ ತಣ್ಣಗಿತ್ತು. ಅಂದಿನಿಂದ ನಾನು ಮಗ್ಗಕ್ಕೆ ಕೂತಿಲ್ಲ.

ನಿನ್ನೆ ನಿಲೋಫರ್ ಪೇಟೆಯಿಂದ ನೀಲಿ ನೂಲು ತಂದಳು.

“ಯಾಕ ತಂದೀಬೇ?” ಎಂದೆ.

“ನೀವ ಹೇಳಿದ್ರಲ್ಲಾ ಆಪಾ, ಉಳದದ್ದು ನೀನ ನೇಯಿ ಅಂತ.”

ನಾನು ಹೇಳಿರಲಿಲ್ಲ.